ಮುಂಬೈಯಾ, ಪುಣೆಯಾ? ಕಂಪ್ಯೂಟರ್ ಡಿಗ್ರಿಗೆ ಎರಡು ಕಡೆ ಸೀಟು ಇದ್ದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈ ಪಕ್ಕದ ಡೊಂಬಿವಲಿಯವಳು. 22 ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಹೊಸದಾಗಿ ಕಾಲೇಜು ಮುಗಿಸಿ ಬಂದವರ ಇಂಟರ್‌ವ್ಯೂ ತೆಗೆದುಕೊಂಡಿದ್ದೇನೆ. ಜೂನ್ ಬಂತು ಅಂದರೆ ಸಾಕು, ನಮ್ಮ ಕನ್ನಡದವರ ಫೋನು ಶುರುವಾಗುತ್ತದೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೇ ಮಾರ್ಕ್ಸ್ ಕಾರ್ಡ್ ತೆಗೆದು ತೋರಿಸಿದವರೂ ಇದ್ದಾರೆ. ಹಾಗೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು, ಗೊತ್ತಿರುವಷ್ಟನ್ನು ಕೆಳಗೆ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲ ಗೊಂದಲ

ಮುಂಬೈ ಯೂನಿವರ್ಸಿಟಿ ಒಳ್ಳೆಯದಾ, ಪುಣೆ ಯೂನಿವರ್ಸಿಟಿ ಒಳ್ಳೆಯದಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳುವುದಾದರೆ, ಕಾಲೇಜು ನೋಡಿ. ಮುಂಬೈ ಯೂನಿವರ್ಸಿಟಿ ಶುರುವಾದದ್ದು 1857ರಲ್ಲಿ, ಪುಣೆಯದು 1949ರಲ್ಲಿ. ಪುಣೆಯದಕ್ಕೆ 2014ರಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರಿಟ್ಟರು. ಎರಡರ ಕೆಳಗೂ ನೂರಾರು ಕಾಲೇಜುಗಳಿವೆ. ಯೂನಿವರ್ಸಿಟಿ ಕೊಡುವುದು ಸಿಲೆಬಸ್, ಪರೀಕ್ಷೆ, ಕೊನೆಗೆ ಡಿಗ್ರಿ ಕಾಗದ. ದಿನಾ ಪಾಠ ಮಾಡುವವರು, ಲ್ಯಾಬು, ಜೊತೆಗೆ ಓದುವ ಮಕ್ಕಳು, ಇದೆಲ್ಲ ಕಾಲೇಜಿನದು. ಒಂದೇ ಯೂನಿವರ್ಸಿಟಿಯ ಎರಡು ಕಾಲೇಜುಗಳ ನಡುವೆ ಇರುವ ಅಂತರ ಎಷ್ಟೋ ಸಲ ಎರಡು ಯೂನಿವರ್ಸಿಟಿಗಳ ನಡುವಿನ ಅಂತರಕ್ಕಿಂತ ದೊಡ್ಡದು.

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, ಇವತ್ತು ನಾವು ಸಿಒಇಪಿ ಅನ್ನುವ ಕಾಲೇಜಿನಲ್ಲಿ. ಆಗ ಆ ಕಾಲೇಜು ಮುಂಬೈ ಯೂನಿವರ್ಸಿಟಿಗೆ ಸೇರಿತ್ತು. ಆಮೇಲೆ ಪುಣೆ ಯೂನಿವರ್ಸಿಟಿಗೆ ಹೋಯಿತು. 2022ರಿಂದ ಅದೇ ಒಂದು ಯೂನಿವರ್ಸಿಟಿ. ಮೇಲಿನ ಬೋರ್ಡು ಎರಡು ಸಲ ಬದಲಾಯಿತು, ಕಾಲೇಜಿಗಿದ್ದ ಒಳ್ಳೆಯ ಹೆಸರಿಗೆ ಏನೂ ಆಗಲಿಲ್ಲ.

ವಿಜೆಟಿಐ ಸಿಕ್ಕಿದೆ, ಸಿಒಇಪಿನೂ ಸಿಗಬಹುದು ಅಂತಾರೆ. ಯಾವುದಕ್ಕೆ ಹೂಂ ಅನ್ನಲಿ?

ಇಂಥ ಪ್ರಶ್ನೆ ಕೇಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ, ಮೊದಲು ಮಗುವಿಗೆ ಶಾಭಾಸ್ ಅನ್ನಿ. ಮುಂಬೈ ಮಾಟುಂಗಾದ ವಿಜೆಟಿಐ ಎಂಜಿನಿಯರಿಂಗ್ ಕಾಲೇಜು 1887ರದ್ದು, ಸಿಒಇಪಿಯ ಬೇರು 1854ಕ್ಕೆ ಹೋಗುತ್ತದೆ. ಎರಡಕ್ಕೂ ಬರುವ ಮಕ್ಕಳು ಹೆಚ್ಚು ಕಡಿಮೆ ಒಂದೇ ಮಟ್ಟದವರು. ಕಂಪ್ಯೂಟರ್ ಬ್ರಾಂಚಿನ ಮಟ್ಟಿಗೆ ಇದು ಮೇಲು ಅದು ಕೀಳು ಅಂತ ನಾನು ಹೇಳಲಾರೆ. ಇಂಟರ್‌ವ್ಯೂ ಮೇಜಿನ ಈಚೆ ಕೂತು ನೋಡಿದಾಗ ನನಗೆ ವ್ಯತ್ಯಾಸ ಕಂಡಿಲ್ಲ.

ಹಾಗಾಗಿ ಇಲ್ಲಿ ತೀರ್ಮಾನ ಮನೆಯ ಮೇಲೆ ನಿಂತಿದೆ. ಮನೆ ಮಾಟುಂಗಾ, ವಡಾಲಾ, ಸಯನ್, ಚೆಂಬೂರು ಕಡೆ ಇದ್ದರೆ ವಿಜೆಟಿಐ ತೆಗೆದುಕೊಳ್ಳಿ. ಮನೆ ಊಟ, ಹತ್ತು ಹದಿನೈದು ನಿಮಿಷದ ದಾರಿ, ಇದಕ್ಕಿಂತ ಇನ್ನೇನು ಬೇಕು? ಮನೆ ವಸಾಯಿ, ಬದ್ಲಾಪುರ ಅಂತ ದೂರ ಇದ್ದರೆ ಎರಡು ಕಡೆಯ ಹಾಸ್ಟೆಲ್ ಬಗ್ಗೆಯೂ ವಿಚಾರಿಸಿ. ಹಾಸ್ಟೆಲ್ ಇರುವ ಪುಣೆ, ದಿನಕ್ಕೆ ನಾಲ್ಕು ಗಂಟೆ ಲೋಕಲ್ ಇರುವ ಮುಂಬೈಗಿಂತ ಮೇಲು.

ಫಾರ್ಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಅಂತ ಇಲ್ಲವೇ ಇಲ್ಲ, ಕಂಪ್ಯೂಟರ್ ಎಂಜಿನಿಯರಿಂಗ್ ಅಂತಿದೆ. ಬೇರೆಯಾ?

ಮಹಾರಾಷ್ಟ್ರದಲ್ಲಿ ಹಳೆ ಕಾಲೇಜುಗಳಲ್ಲಿ ಈ ಬ್ರಾಂಚಿನ ಹೆಸರೇ ಕಂಪ್ಯೂಟರ್ ಎಂಜಿನಿಯರಿಂಗ್. ಓದುವ ವಿಷಯ ಹೆಚ್ಚು ಕಡಿಮೆ ಅದೇ. ಐಟಿ ಬ್ರಾಂಚಿನಲ್ಲೂ ಮುಕ್ಕಾಲು ಪಾಲು ಅದೇ ಇರುತ್ತದೆ, ಕೆಲಸಕ್ಕೆ ಕರೆಯುವಾಗ ಕಂಪನಿಗಳು ಇಬ್ಬರನ್ನೂ ಒಟ್ಟಿಗೇ ಕೂರಿಸುತ್ತವೆ.

ಎಐ, ಡೇಟಾ ಸೈನ್ಸ್ ಅಂತ ಬಂದಿರುವ ಹೊಸ ಬ್ರಾಂಚುಗಳಲ್ಲಿ ಒಂದು ವಿಷಯ ನೋಡಿಕೊಳ್ಳಿ. ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಅಲ್ಗಾರಿದಂ ಪೂರ್ತಿ ಕಲಿಸುತ್ತಾರಾ, ಇಲ್ಲ ಅದನ್ನೆಲ್ಲ ಕತ್ತರಿಸಿ ಹೊಸ ಹೆಸರಿನ ಪೇಪರ್ ತುಂಬಿದ್ದಾರಾ? ಬುಡ ಗಟ್ಟಿ ಇದ್ದರೆ ಸೇರಿ. ಇಲ್ಲದಿದ್ದರೆ ಹಳೆ ಕಂಪ್ಯೂಟರ್ ಬ್ರಾಂಚೇ ವಾಸಿ.

ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಮಾಡಿದರೆ ನಡೆಯಲ್ವಾ? ಫೀಸೂ ಕಡಿಮೆ.

ಖಂಡಿತ ನಡೆಯುತ್ತದೆ. ಬಿಎಸ್ಸಿ ಮೂರು ವರ್ಷ, ಆಮೇಲೆ ಎಂಸಿಎ. ಎಂಸಿಎ 2020ರಿಂದ ಎರಡೇ ವರ್ಷ. ಒಟ್ಟು ಐದು. ನನ್ನ ಜೊತೆ ಕೆಲಸ ಮಾಡಿದ ಅತ್ಯಂತ ಒಳ್ಳೆಯ ಇಬ್ಬರು ಈ ದಾರಿಯಿಂದ ಬಂದವರು. ಬಿಎಸ್ಸಿ ಮುಗಿಸಿ ಅಲ್ಲಿಗೇ ನಿಲ್ಲಿಸಿದರೆ ಮಾತ್ರ ಮೊದಲ ಕೆಲಸಕ್ಕೆ ಸ್ವಲ್ಪ ಜಾಸ್ತಿ ಓಡಾಡಬೇಕಾಗುತ್ತದೆ. ಅಮೆರಿಕದಲ್ಲಿ ಎಂಎಸ್ ಮಾಡುವ ಆಸೆ ಇದ್ದರೆ, ಮೂರು ವರ್ಷದ ಡಿಗ್ರಿಯನ್ನು ಅಲ್ಲಿನ ಎಷ್ಟೋ ಯೂನಿವರ್ಸಿಟಿಗಳು ಒಪ್ಪುವುದಿಲ್ಲ ಅನ್ನುವುದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ದೊಡ್ಡ ಕಾಲೇಜಲ್ಲಿ ಸಿವಿಲ್ ಸಿಗುತ್ತದೆ, ಸಾಧಾರಣ ಕಾಲೇಜಲ್ಲಿ ಕಂಪ್ಯೂಟರ್ ಸಿಗುತ್ತದೆ. ಏನು ಮಾಡೋದು?

ಮಗುವಿಗೆ ಸಿವಿಲ್ ಇಷ್ಟ ಇದ್ದರೆ ಸಿವಿಲ್. ಸುಮ್ನೆ ಕಾಲೇಜಿನ ಹೆಸರಿಗಾಗಿ ಬೇಡ. ನಾಲ್ಕು ವರ್ಷ ಮನಸ್ಸಿಲ್ಲದ ವಿಷಯ ಓದಿಕೊಂಡು, ರಾತ್ರಿ ಕೂತು ಕೋಡಿಂಗ್ ಕಲಿತು, ಕೊನೆಗೆ ಸಾಫ್ಟ್‌ವೇರ್‌ಗೆ ಬಂದವರನ್ನು ನಾನು ಬಹಳ ನೋಡಿದ್ದೇನೆ. ಬಂದರು, ನಿಜ. ಆದರೆ ಸುಸ್ತಾಗಿ ಬಂದರು.

## ಸೀಟು, ಕಾಗದಪತ್ರ, ಫೀಸು

ಸಿಇಟಿಯಲ್ಲಿ ಎಲ್ಲ ಸಬ್ಜೆಕ್ಟಿಗೂ ಒಂದೇ ತೂಕನಾ?

ಇಲ್ಲ. ಎಂಎಚ್‌ಟಿ-ಸಿಇಟಿಯಲ್ಲಿ (ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಮೂರು ವಿಷಯಕ್ಕೆ 50ರಂತೆ 150 ಪ್ರಶ್ನೆ, ಒಟ್ಟು 200 ಅಂಕ. ಗಣಿತದ ಪ್ರಶ್ನೆಗೆ 2 ಅಂಕ, ಫಿಸಿಕ್ಸ್ ಕೆಮಿಸ್ಟ್ರಿಗೆ ಒಂದೊಂದು. ಅಂದರೆ ಒಟ್ಟು ಅಂಕದಲ್ಲಿ ಅರ್ಧ ಗಣಿತದ್ದೇ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಫಲಿತಾಂಶ ಪರ್ಸೆಂಟೈಲ್‌ನಲ್ಲಿ ಬರುತ್ತದೆ. 95 ಪರ್ಸೆಂಟೈಲ್ ಅಂದರೆ ನೂರಕ್ಕೆ 95 ಅಂಕ ಅಂತ ತಿಳಿದು ಸ್ವೀಟು ಹಂಚಿದ ಮನೆಗಳಿವೆ. ಅದರ ಅರ್ಥ, ಬರೆದವರಲ್ಲಿ ನೂರಕ್ಕೆ 95 ಮಂದಿಯ ಅಂಕ ನಿಮ್ಮ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ. ಲಕ್ಷಗಟ್ಟಲೆ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಉಳಿದ ಆ 5 ಶೇಕಡಾ ಕೂಡ ಸಾವಿರಾರು ಮಂದಿ.

ನಾವು ಉಡುಪಿ ಕಡೆಯವರು. ಊರಿನ ಜಾತಿ ಸರ್ಟಿಫಿಕೇಟ್ ಇಲ್ಲಿ ನಡೀತದಾ?

ನಡೆಯುವುದಿಲ್ಲ. ನಮ್ಮವರು ಅತಿ ಹೆಚ್ಚು ಎಡವುವ ಜಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೀಸಲಾತಿ ನೀವು ಮೂಲತಃ ಯಾವ ರಾಜ್ಯದವರೋ ಆ ರಾಜ್ಯಕ್ಕೆ ಸೇರಿದ್ದು. ಬೇರೆ ರಾಜ್ಯಕ್ಕೆ ವಲಸೆ ಬಂದರೆ ಅದು ಜೊತೆಗೆ ಬರುವುದಿಲ್ಲ. ಸುಪ್ರೀಂ ಕೋರ್ಟು 1990ರಲ್ಲಿ ಇದನ್ನು ಸ್ಪಷ್ಟ ಮಾಡಿದ್ದು ಮುಂಬೈಯದೇ ಒಂದು ಮೆಡಿಕಲ್ ಕಾಲೇಜಿನ ಸೀಟಿನ ಕೇಸಿನಲ್ಲಿ. ಹಾಗಾದರೆ ಮೂರು ತಲೆಮಾರಿನಿಂದ ಇಲ್ಲೇ ಇರುವವರ ಗತಿ? ಅವರಿಗೆ ದಾರಿ ಇದೆ. ನಿಮ್ಮ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲೂ ಇರಬೇಕು. ಜೊತೆಗೆ ಅಜ್ಜನೋ ಅಪ್ಪನೋ ಒಂದು ನಿಗದಿತ ದಿನಕ್ಕಿಂತ ಮೊದಲೇ ಇಲ್ಲಿ ನೆಲೆಸಿದ್ದರು ಅನ್ನುವುದಕ್ಕೆ ದಾಖಲೆ ಬೇಕು. ಪರಿಶಿಷ್ಟರಿಗೆ ಆ ವರ್ಷ 1950, ವಿಮುಕ್ತ ಜಾತಿ, ಅಲೆಮಾರಿ ಬುಡಕಟ್ಟುಗಳಿಗೆ (ವಿಜೆಎನ್‌ಟಿ) 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13. ಇಷ್ಟೆಲ್ಲ ಆಗಿ ಇಲ್ಲಿಯ ಸರ್ಟಿಫಿಕೇಟ್ ಸಿಕ್ಕ ಮೇಲೂ ಅದು ಸರಿ ಇದೆ ಅಂತ ಪರಿಶೀಲಿಸಿ ಕೊಡುವ ವ್ಯಾಲಿಡಿಟಿ ಬೇರೆಯಾಗಿ ಮಾಡಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. 11ನೇ ಕ್ಲಾಸಿನಲ್ಲೇ ಅರ್ಜಿ ಹಾಕಿ.

ಹಿಂದೆ ಒಂದು ಮನೆಯಲ್ಲಿ ಎಲ್ಲ ಹುಡುಕಿ ಕೈಬಿಟ್ಟಿದ್ದರು. ಕೊನೆಗೆ ಅಜ್ಜಿಯ ಟ್ರಂಕಿನಲ್ಲಿ, ಹಳೆ ಸೀರೆಯ ಮಡಿಕೆಯೊಳಗೆ, ಅಜ್ಜನ ನೈಟ್ ಸ್ಕೂಲಿನ ಲೀವಿಂಗ್ ಸರ್ಟಿಫಿಕೇಟ್ ಸಿಕ್ಕಿತು. ಮುಂಬೈಯ ಕೋಟೆ (ಫೋರ್ಟ್) ಕಡೆಯ ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿದ್ದವರು ಅವರು. 1958ರ ಕಾಗದ, ಮಡಿಸಿದ ಕಡೆ ಹರಿದು ಎರಡಾಗಿತ್ತು, ಜಾತಿಯ ಕಾಲಂ ಮಾತ್ರ ಸ್ಪಷ್ಟವಾಗಿತ್ತು. ಮೊಮ್ಮಗಳ ಅರ್ಜಿ ನಿಂತದ್ದು ಆ ಕಾಗದದ ಮೇಲೆ. ನಿಮ್ಮ ಮನೆಯ ಟ್ರಂಕನ್ನೂ ಒಂದು ಸಲ ತೆರೆದು ನೋಡಿ.

ಮಗ ಪಿಯುಸಿ ಮಂಗಳೂರಲ್ಲಿ ಓದಿದ, ನಾವಿರೋದು ಠಾಣೆಯಲ್ಲಿ. ಅವನು ಹೊರಗಿನವನಾ?

ಆಗಬೇಕಿಲ್ಲ. ಹತ್ತನೆಯದೂ ಹನ್ನೆರಡನೆಯದೂ ಮಹಾರಾಷ್ಟ್ರದಲ್ಲಿ ಮುಗಿಸಿ, ಇಲ್ಲೇ ಹುಟ್ಟಿದ ಅಥವಾ ಡೊಮಿಸೈಲ್ (ಇಲ್ಲಿಯ ನಿವಾಸಿ ಅನ್ನುವ ಸರ್ಟಿಫಿಕೇಟ್) ಇರುವ ಮಕ್ಕಳು ಟೈಪ್ ಎ. ಹೊರಗೆ ಓದಿದ್ದರೂ ಮಗುವಿಗೋ ತಂದೆಗೋ ತಾಯಿಗೋ ಮಹಾರಾಷ್ಟ್ರದ ಡೊಮಿಸೈಲ್ ಇದ್ದರೆ ಟೈಪ್ ಬಿ. ಇಬ್ಬರೂ ಮಹಾರಾಷ್ಟ್ರದ ಅಭ್ಯರ್ಥಿಗಳೇ. ಡೊಮಿಸೈಲ್‌ಗೆ ಇಲ್ಲಿ 15 ವರ್ಷ ವಾಸ ಮಾಡಿದ ದಾಖಲೆ ಕೇಳುತ್ತಾರೆ. ರೇಷನ್ ಕಾರ್ಡ್, ಹಳೆ ಲೈಟ್ ಬಿಲ್, ಮನೆಯ ಅಗ್ರಿಮೆಂಟ್ ಎಲ್ಲ ಒಂದು ಫೈಲಿಗೆ ಹಾಕಿಡಿ.

ನಾವು ಹೊರನಾಡು ಕನ್ನಡಿಗರು. ಕರ್ನಾಟಕದ ಸಿಇಟಿಯಲ್ಲಿ ನಮಗೇನಾದರೂ ಉಂಟಾ?

ಉಂಟು, ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಹೊರನಾಡು ಕನ್ನಡಿಗರು, ಗಡಿನಾಡು ಕನ್ನಡಿಗರು ಅಂತ ವರ್ಗಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಕಡೆಯವರು ಗಡಿನಾಡಿನಲ್ಲಿ ಬರುತ್ತಾರೆ. ಈ ವರ್ಗಗಳಲ್ಲಿ ಅರ್ಜಿ ಹಾಕಿದವರು ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಬರೆಯಲು ಬಾರದ ಮಕ್ಕಳಿಗೆ ಇದೇ ತೊಡಕು. ಹತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂರಿಸಿ ಬರೆಸಿದರೆ ಸಾಕು. ಪರೀಕ್ಷೆ ಬರೆಯಲಿ ಬಿಡಲಿ, ಅಕ್ಷರ ಉಳಿಯುತ್ತದೆ.

ಕರ್ನಾಟಕದ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಇನ್ನೊಂದು ದಾರಿ. ಅದಕ್ಕೆ ದೇಶದ ಯಾವ ಮೂಲೆಯವರೂ ಕೂರಬಹುದು. ಬೆಂಗಳೂರಿನ ಒಳ್ಳೆಯ ಖಾಸಗಿ ಕಾಲೇಜುಗಳು ಅದರಲ್ಲಿ ಇವೆ, ಫೀಸು ಮಾತ್ರ ಸಿಇಟಿ ಸೀಟಿಗಿಂತ ಜಾಸ್ತಿ.

ಒಂದು ಕಡೆ ಫೀಸು ಒಂದೂವರೆ ಲಕ್ಷ, ಇನ್ನೊಂದು ಕಡೆ ನಾಲ್ಕು ಲಕ್ಷ. ಅಷ್ಟು ವ್ಯತ್ಯಾಸ ಯಾಕೆ?

ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಫೀಸನ್ನು ಮಹಾರಾಷ್ಟ್ರದಲ್ಲಿ ಫೀ ರೆಗ್ಯುಲೇಟಿಂಗ್ ಅಥಾರಿಟಿ ನಿಗದಿ ಮಾಡುತ್ತದೆ, ಅದಕ್ಕೆ 2015ರ ಕಾಯಿದೆ ಇದೆ. ಕೇಂದ್ರ ಸರ್ಕಾರದಿಂದ ಯೂನಿವರ್ಸಿಟಿಯ ಸ್ಥಾನ ಪಡೆದ ಡೀಮ್ಡ್ ಯೂನಿವರ್ಸಿಟಿಗಳು ಈ ಹಿಡಿತಕ್ಕೆ ಬರುವುದಿಲ್ಲ. ಎರಡು ಕಾಲೇಜು ಹೋಲಿಸುವಾಗ ಮೊದಲು ಕೇಳಬೇಕಾದದ್ದು ಇದನ್ನೇ: ಇದು ಯೂನಿವರ್ಸಿಟಿಯ ಕೆಳಗಿನ ಕಾಲೇಜಾ, ಸ್ವಂತ ಯೂನಿವರ್ಸಿಟಿಯಾ, ಡೀಮ್ಡಾ?

ಸರ್ಕಾರದ ಸಹಾಯವೂ ಇದರ ಮೇಲೇ ನಿಂತಿದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಓಪನ್ ವರ್ಗದ ಮಕ್ಕಳಿಗೂ ರಾಜರ್ಷಿ ಶಾಹು ಮಹಾರಾಜ್ ಯೋಜನೆಯಲ್ಲಿ ಅರ್ಧ ಟ್ಯೂಷನ್ ಫೀ ವಾಪಸ್ ಬರುತ್ತದೆ. ಅದೇ ಆದಾಯ ಮಿತಿಯಲ್ಲಿ ಆರ್ಥಿಕವಾಗಿ ಹಿಂದುಳಿದ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ), ಒಬಿಸಿ ಕುಟುಂಬದ ಹುಡುಗಿಯರಿಗೆ 2024-25ರಿಂದ ಟ್ಯೂಷನ್ ಫೀ, ಪರೀಕ್ಷಾ ಫೀ ಪೂರ್ತಿ ಮಾಫಿ. ಅರ್ಜಿ ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ. ಸೀಟು ಸರ್ಕಾರದ ಕಡೆಯಿಂದ ಒಟ್ಟಿಗೆ ಹಂಚುವ ಕ್ಯಾಪ್ ರೌಂಡಿನಿಂದಲೇ ಬಂದಿರಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಇದು ಇಲ್ಲ. ಹೋಟೆಲಿನಲ್ಲಿ ಕ್ಯಾಶಿಯರ್ ಆಗಿರುವ ಅಪ್ಪಂದಿರಿಗೆ ಈ ವಿಷಯ ತಲುಪಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ನಾಲ್ಕು ವರ್ಷದಲ್ಲಿ ಲಕ್ಷಗಳ ಮಾತು ಇದು.

ಏಜೆಂಟ್ ಒಬ್ಬರು ಸೀಟು ಗ್ಯಾರಂಟಿ ಅಂತಿದ್ದಾರೆ. ದುಡ್ಡು ಕೊಡಬಹುದಾ?

ಬೇಡ. ಕ್ಯಾಪಿಟೇಷನ್ ಫೀ, ಅಂದರೆ ಸೀಟು ಕೊಡಲು ಫೀಸಿನ ಮೇಲೆ ದುಡ್ಡು, ತೆಗೆದುಕೊಳ್ಳುವುದು ಮಹಾರಾಷ್ಟ್ರದಲ್ಲಿ 1987ರ ಕಾಯಿದೆಯಿಂದಲೇ ಅಪರಾಧ. ಮ್ಯಾನೇಜ್‌ಮೆಂಟ್ ಸೀಟಿಗೂ ಕಾಲೇಜಿನಲ್ಲಿ ನೇರ ಅರ್ಜಿ ಹಾಕಿ, ರಸೀದಿ ತೆಗೆದುಕೊಳ್ಳಿ.

ಆಪ್ಷನ್ ಫಾರ್ಮ್‌ನಲ್ಲಿ ಸಿಗುವಂಥದ್ದನ್ನು ಮೇಲೆ ಬರೆಯಬೇಕಾ, ಆಸೆಯದ್ದನ್ನಾ?

ಆಸೆಯದ್ದನ್ನು. ಕಂಪ್ಯೂಟರು ಮೇಲಿನಿಂದ ಒಂದೊಂದೇ ನೋಡಿಕೊಂಡು ಬರುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು. ಮೇಲೆ ಕಷ್ಟದ ಕಾಲೇಜು ಬರೆದಿರಿ ಅಂತ ಕೆಳಗಿನದು ತಪ್ಪಿಹೋಗುವುದಿಲ್ಲ. ಆದರೆ ಮೊದಲ ಆಯ್ಕೆಯೇ ಸಿಕ್ಕಿಬಿಟ್ಟರೆ ಅದು ತಾನಾಗಿ ಫ್ರೀಜ್ ಆಗುತ್ತದೆ, ಮುಂದಿನ ರೌಂಡಿಗೆ ಹೋಗಲಾಗದು. ಆದ್ದರಿಂದ ಒಂದನೇ ನಂಬರಿನಲ್ಲಿ, ಸಿಕ್ಕರೆ ಕಣ್ಣುಮುಚ್ಚಿ ಹೋಗುತ್ತೇವೆ ಅನ್ನುವಂಥದ್ದನ್ನೇ ಬರೆಯಿರಿ. ಕಳೆದ ವರ್ಷದ ಕಟಾಫ್ ಪಟ್ಟಿ ಸಿಇಟಿ ಸೆಲ್‌ನ ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ನಿಮ್ಮ ಪರ್ಸೆಂಟೈಲ್‌ಗಿಂತ ಕೆಳಗಿನ ನಾಲ್ಕೈದು ಕಾಲೇಜನ್ನೂ ಕೊನೆಯಲ್ಲಿ ಸೇರಿಸಿ.

## ದಿನದಿನದ ಓದು

ಡೊಂಬಿವಲಿಯಿಂದ ದಿನಾ ಓಡಾಡಬಹುದಾ? ಎಲ್ಲರೂ ಮಾಡ್ತಾರಲ್ವಾ?

ಮಾಡುತ್ತಾರೆ, ನಾನೂ ಮಾಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ, ಲೆಕ್ಕ ಹಾಕಿ ನೋಡಿ.

ಮಾಟುಂಗಾದ ಕಾಲೇಜಿಗೆ ಅಂದುಕೊಳ್ಳಿ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ದಾದರಿಗೆ ಹೋಗಿ ಸ್ಲೋ ಹಿಡಿದು ಹಿಂದೆ ಬರಬೇಕು, ಇಲ್ಲ ಅಲ್ಲಿಂದ ಬಸ್ಸು. ಮನೆ ಬಾಗಿಲಿನಿಂದ ಕ್ಲಾಸಿನ ಬೆಂಚಿನ ತನಕ ಒಂದೂವರೆ ಗಂಟೆ ಇಡಿ. ಹೋಗಿ ಬರಲು ಮೂರು. ಅಂಧೇರಿ ಕಡೆಯ ಕಾಲೇಜಾದರೆ ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ, ಅದೂ ಹೆಚ್ಚು ಕಡಿಮೆ ಅಷ್ಟೇ. ವಿದ್ಯಾರ್ಥಿಗಳಿಗೆ ಲೋಕಲ್ ಪಾಸಿನಲ್ಲಿ ರಿಯಾಯಿತಿ ಇದೆ, ದುಡ್ಡಿನ ತೊಂದರೆ ಅಷ್ಟಿಲ್ಲ. ಹೋಗುವುದು ಮೈಯ ಶಕ್ತಿ. ಬೆಳಿಗ್ಗೆ ಡೊಂಬಿವಲಿಯಲ್ಲಿ ಬ್ಯಾಗನ್ನು ಬೆನ್ನಿನಿಂದ ಎದೆಗೆ ಹಾಕಿಕೊಂಡು, ಲ್ಯಾಪ್‌ಟಾಪ್ ಒಡೆಯದ ಹಾಗೆ ಎರಡೂ ಕೈಯಿಂದ ಅಪ್ಪಿ ಹಿಡಿದು, ಠಾಣೆ ದಾಟುವ ತನಕ ಒಂದೇ ಕಾಲಿನ ಮೇಲೆ ನಿಲ್ಲುವ ಮಕ್ಕಳನ್ನು ದಿನಾ ನೋಡುತ್ತೇನೆ. ಸಂಜೆ ಏಳೂವರೆಗೆ ಮನೆ ಸೇರಿದ ಮಗು ಅಸೈನ್‌ಮೆಂಟ್ ಮಾಡೀತು. ತನ್ನಷ್ಟಕ್ಕೆ ಏನೋ ಒಂದು ಪ್ರೋಗ್ರಾಂ ಬರೆದು ನೋಡುವ ಹುಮ್ಮಸ್ಸು ಉಳಿದಿರುತ್ತದಾ? ಈ ಓದಿನಲ್ಲಿ ಅದೇ ಮುಖ್ಯ.

ನನ್ನ ಲೆಕ್ಕ ಹೀಗೆ. ಒಂದು ಕಡೆಗೆ ಒಂದು ಗಂಟೆಯ ಒಳಗಾದರೆ ಮನೆಯಿಂದಲೇ ಹೋಗಲಿ. ಅದಕ್ಕಿಂತ ಜಾಸ್ತಿ ಅಂದರೆ ಹಾಸ್ಟೆಲ್ಲು, ಇಲ್ಲ ಒಂದು ಮೆಟ್ಟಿಲು ಕೆಳಗಿನ ಆದರೆ ಹತ್ತಿರದ ಕಾಲೇಜು, ಎರಡನ್ನೂ ನಿಜವಾಗಿ ಯೋಚಿಸಿ. ಪುಣೆಗೂ ಇದೇ ಮಾತು. ಕಾಲೇಜು ಧನಕವಡಿಯಲ್ಲಿ, ರೂಮು ಪಿಂಪ್ರಿಯ ಮಾವನ ಮನೆಯಲ್ಲಿ ಅಂದರೆ ಪುಣೆಗೆ ಹೋದ ಪ್ರಯೋಜನವೇ ಇಲ್ಲ.

ಕಾಲೇಜು ನೋಡಲು ಹೋದರೆ ಏನು ನೋಡಬೇಕು? ಬಿಲ್ಡಿಂಗ್ ಅಂತೂ ಎಲ್ಲಾ ಕಡೆ ಚೆನ್ನಾಗಿರುತ್ತದೆ.

ಲ್ಯಾಬು ನೋಡಿ. ಅದೂ ಮಧ್ಯಾಹ್ನ ಮೂರರ ಮೇಲೆ, ಕ್ಲಾಸು ನಡೆಯುವ ದಿನ.

ನನ್ನ ಮಗಳಿಗೆ ಸೀಟು ನೋಡುವಾಗ ಎರಡು ಕಾಲೇಜಿಗೆ ಹೋಗಿದ್ದೆವು. ಮೊದಲನೆಯದರಲ್ಲಿ ಗಾಜಿನ ಬಾಗಿಲು, ಏಸಿ, ಸಾಲಾಗಿ ಹೊಸ ಕಂಪ್ಯೂಟರುಗಳು. ಪ್ರತಿಯೊಂದರ ಮೇಲೂ ಪ್ಲಾಸ್ಟಿಕ್ ಹೊದಿಕೆ. ಬಾಗಿಲ ಪಕ್ಕ ಹಾಜರಿ ರಿಜಿಸ್ಟರ್ ಇತ್ತು. ನಾನು ಸುಮ್ನೆ ತಿರುವಿ ನೋಡಿದೆ. ಕೊನೆಯ ಸಹಿ ಮೂರು ವಾರದ ಹಿಂದಿನದು. ಎರಡನೆಯ ಕಾಲೇಜಿನ ಲ್ಯಾಬಿನಲ್ಲಿ ಫ್ಯಾನು ಕಿರ್ ಅನ್ನುತ್ತಿತ್ತು, ಕೀಬೋರ್ಡಿನ ಅಕ್ಷರ ಅಳಿಸಿ ಹೋಗಿದ್ದವು. ಬೋರ್ಡಿನ ಮೇಲೆ ಯಾರೋ ಚೌಕ, ಬಾಣ ಬರೆದು ಲಿಂಕ್ಡ್ ಲಿಸ್ಟ್ ಬಿಡಿಸಲು ಹೊರಟು ಅರ್ಧಕ್ಕೆ ನಿಲ್ಲಿಸಿದ್ದರು. ಮೂವರು ಹುಡುಗಿಯರು ಒಂದೇ ಸ್ಕ್ರೀನಿಗೆ ಮುಖ ಹಾಕಿ ಜಗಳ ಆಡುತ್ತಿದ್ದರು. ಅಟೆಂಡರ್ ಬಂದು, ಆರಾಯಿತು, ಬಾಗಿಲು ಹಾಕಬೇಕು ಅಂದರೂ ಏಳಲಿಲ್ಲ.

ಆದರೂ ನಾವು ಮೊದಲನೆಯದನ್ನೇ ತೆಗೆದುಕೊಂಡೆವು. ಹೆಸರು ದೊಡ್ಡದು ಅಂತ ನಾನೇ ಹಟ ಹಿಡಿದೆ. ಎರಡನೇ ವರ್ಷದಲ್ಲಿ ಡೇಟಾ ಸ್ಟ್ರಕ್ಚರ್ಸ್‌ಗೆ ಮೂರು ತಿಂಗಳು ಮೇಷ್ಟರೇ ಇರಲಿಲ್ಲ. ಮಗಳು ಮನೆಯಲ್ಲಿ ಕೂತು ತಾನೇ ಕಲಿತಳು. ಇವತ್ತೂ ಆ ರಿಜಿಸ್ಟರಿನ ಪುಟ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಲ್ಯಾಬು ನೋಡಿದ ಮೇಲೆ ಮೂರನೇ ವರ್ಷದ ಮಕ್ಕಳನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಯಾವ ಮೇಷ್ಟ್ರ ಪಾಠಕ್ಕೆ ನೀವು ತಪ್ಪಿಸಿಕೊಳ್ಳುವುದಿಲ್ಲ ಅಂತ ಕೇಳಿ. ತಕ್ಷಣ ಎರಡು ಹೆಸರು ಬಂದರೆ ಒಳ್ಳೆಯ ಡಿಪಾರ್ಟ್‌ಮೆಂಟು. ಮುಖ ಮುಖ ನೋಡಿಕೊಂಡರೆ ನಿಮಗೆ ಉತ್ತರ ಸಿಕ್ಕಿತು.

ನ್ಯಾಕ್, ಎನ್‌ಬಿಎ, ಎನ್‌ಐಆರ್‌ಎಫ್ ಅಂತ ಬ್ಯಾನರ್ ಹಾಕಿರ್ತಾರೆ. ಯಾವುದನ್ನು ನಂಬೋದು?

ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ನೋಡಿ ಕೊಡುವ ಮಾನ್ಯತೆ. ನ್ಯಾಕ್ ಇಡೀ ಸಂಸ್ಥೆಗೆ ಕೊಡುವುದು. ಎನ್‌ಬಿಎ ಒಂದೊಂದು ಬ್ರಾಂಚಿಗೆ ಕೊಡುವುದು. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ಕಂಪ್ಯೂಟರ್ ಬ್ರಾಂಚಿಗೆ ಇದೆಯಾ ಅಂತ ಕೇಳಿ, ಎಷ್ಟೋ ಕಡೆ ಮೆಕ್ಯಾನಿಕಲ್‌ಗೆ ಮಾತ್ರ ಇರುತ್ತದೆ. ಎಲ್ಲಿಯ ತನಕ ಅನ್ನುವುದನ್ನೂ ಕೇಳಿ, ಅದಕ್ಕೆ ಅವಧಿ ಇದೆ. ಎನ್‌ಐಆರ್‌ಎಫ್ ಕೇಂದ್ರ ಸರ್ಕಾರದ ಪಟ್ಟಿ, 2016ರಿಂದ ಬರುತ್ತಿದೆ. ಅದರಲ್ಲಿ ಸಂಶೋಧನೆಗೂ ದೊಡ್ಡ ಪಾಲು ಅಂಕ ಇದೆ. ಬಿಟೆಕ್ ಮಗುವಿಗೆ ಅದರಿಂದ ನೇರ ಲಾಭ ಕಡಿಮೆ. ಐದನೇ ಸ್ಥಾನಕ್ಕೂ ನೂರನೇ ಸ್ಥಾನಕ್ಕೂ ವ್ಯತ್ಯಾಸ ನಿಜ, 60ಕ್ಕೂ 80ಕ್ಕೂ ತಲೆ ಕೆಡಿಸಿಕೊಳ್ಳಬೇಡಿ.

ಆಟೊನಮಸ್ ಕಾಲೇಜು ಅಂದ್ರೆ ಒಳ್ಳೇದಾ, ಸುಲಭಾನಾ?

ಆಟೊನಮಸ್ ಅಂದರೆ ಸಿಲೆಬಸ್ಸು, ಪರೀಕ್ಷೆ ಕಾಲೇಜಿನದೇ, ಡಿಗ್ರಿ ಯೂನಿವರ್ಸಿಟಿಯದು. ಒಳ್ಳೆಯ ಕೈಗೆ ಸಿಕ್ಕರೆ ಇದು ವರ. ಹಳೆ ವಿಷಯ ತೆಗೆದು ಹೊಸದು ಹಾಕಬಹುದು, ರಿಸಲ್ಟ್ ಬೇಗ ಬರುತ್ತದೆ. ಸಡಿಲ ಕೈಗೆ ಸಿಕ್ಕರೆ ಪ್ರಶ್ನೆಪತ್ರಿಕೆ ಸುಲಭ ಆಗಿ ಎಲ್ಲರಿಗೂ ಒಂಬತ್ತರ ಮೇಲೆ ಪಾಯಿಂಟರ್ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡು). ಅವರ ಹಳೆ ಪ್ರಶ್ನೆಪತ್ರಿಕೆ ಎರಡು ತರಿಸಿ ಓದಿ. ವ್ಯಾಖ್ಯೆ ಬರೆಯಿರಿ, ಲಾಭ ನಷ್ಟ ಬರೆಯಿರಿ ಅಂತಲೇ ಇದೆಯಾ, ಲೆಕ್ಕ ಬಿಡಿಸಿ, ಪ್ರೋಗ್ರಾಂನ ತಪ್ಪು ಹುಡುಕಿ ಅಂತಿದೆಯಾ? ಕಂಪ್ಯೂಟರ್ ಗೊತ್ತಿಲ್ಲದ ಅಪ್ಪ ಅಮ್ಮನಿಗೂ ಇದು ತಿಳಿಯುತ್ತದೆ.

ಎರಡು ಕಾಲೇಜಿನ ಸಿಲೆಬಸ್ ಪಿಡಿಎಫ್ ಇಟ್ಟುಕೊಂಡಿದ್ದೇನೆ. ಹೋಲಿಸೋದು ಹೇಗೆ?

ಎಂಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಕಂಪ್ಯೂಟರ್ ಸೈನ್ಸ್ ಸಿಲೆಬಸ್ಸನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಡಿಸ್ಕ್ರೀಟ್ ಗಣಿತ, ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ, ಡಿಜಿಟಲ್ ಲಾಜಿಕ್, ಕಂಪ್ಯೂಟರ್ ಆರ್ಗನೈಸೇಷನ್, ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಂ, ಥಿಯರಿ ಆಫ್ ಕಂಪ್ಯುಟೇಷನ್, ಕಂಪೈಲರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್. ಇವೆಲ್ಲ ಎರಡೂ ಕಡೆ ಕಡ್ಡಾಯ ಇವೆಯಾ? ಎಲ್ಲಿ ಕಂಪೈಲರ್ ಮತ್ತು ಥಿಯರಿಯನ್ನು ಐಚ್ಛಿಕ ಮಾಡಿದ್ದಾರೋ ಅಲ್ಲಿ ಸ್ವಲ್ಪ ಯೋಚಿಸಿ. ಆಮೇಲೆ ಲ್ಯಾಬಿನ ಗಂಟೆ ಎಣಿಸಿ. ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್‌ಗೆ ಬಿಡುತ್ತಾರಾ ನೋಡಿ, ಬಿಟ್ಟರೆ ಒಳ್ಳೆಯದು. ಮುಂಬೈ ಪುಣೆ ಎರಡರಲ್ಲೂ ಕಂಪನಿಗಳಿಗೆ ಬರ ಇಲ್ಲ.

## ಕೆಲಸ, ಮುಂದಿನ ದಾರಿ

ಒಂದು ಕಾಲೇಜಿನವರು 40 ಲಕ್ಷದ ಪ್ಯಾಕೇಜ್ ಅಂತಾರೆ, ಇನ್ನೊಂದರಲ್ಲಿ 12 ಲಕ್ಷ. ಮೊದಲನೆಯದೇ ಅಲ್ವಾ?

ಆ 40 ಲಕ್ಷ ಒಂದೇ ಒಂದು ಮಗುವಿಗೆ ಸಿಕ್ಕಿರಬಹುದು. ಮೀಡಿಯನ್ ಕೇಳಿ, ಅಂದರೆ ಎಲ್ಲರ ಸಂಬಳ ಸಾಲಾಗಿ ಬರೆದರೆ ನಟ್ಟನಡುವೆ ಬರುವವರದ್ದು. ಅದೂ ಕಂಪ್ಯೂಟರ್ ಬ್ರಾಂಚಿನದು ಮಾತ್ರ. ಓದಿದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು ಅನ್ನುವುದನ್ನೂ ಕೇಳಿ. ಪ್ಯಾಕೇಜಿನ ಅಂಕಿಯಲ್ಲಿ ಬೋನಸ್ಸು, ನಾಲ್ಕು ವರ್ಷಕ್ಕೆ ಹರಿದು ಬರುವ ಷೇರು ಎಲ್ಲ ಸೇರಿರುತ್ತದೆ, ಕೈಗೆ ಬರುವ ಸಂಬಳ ಬೇರೆ. ಈ ಮೂರು ಪ್ರಶ್ನೆಗೆ ಪ್ಲೇಸ್‌ಮೆಂಟ್ ಆಫೀಸಿನವರು ಕಾಗದ ತೆಗೆದು ತೋರಿಸಿದರೆ ಆ ಕಾಲೇಜನ್ನು ನಂಬಬಹುದು.

ನೀವು ಇಂಟರ್‌ವ್ಯೂ ಮಾಡುವಾಗ ಕಾಲೇಜಿನ ಹೆಸರು ನೋಡ್ತಿದ್ರಾ? ನಿಜ ಹೇಳಿ.

ಕರೆಯುವ ತನಕ ನೋಡುತ್ತಾರೆ. ದೊಡ್ಡ ಕಾಲೇಜಿಗೆ ಕಂಪನಿಗಳು ತಾವಾಗಿ ಬರುತ್ತವೆ, ಸಣ್ಣ ಕಾಲೇಜಿನವರು ತಾವೇ ಅರ್ಜಿ ಹಾಕಿ ಅಲೆಯಬೇಕು. ಈ ವ್ಯತ್ಯಾಸ ಸಣ್ಣದಲ್ಲ. ಎದುರಿಗೆ ಬಂದು ಕೂತ ಮೇಲೆ ಹೆಸರು ಕೆಲಸಕ್ಕೆ ಬರುವುದಿಲ್ಲ.

ನಾನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಿದ್ದೆ. ಮತ್ಸ್ಯಗಂಧ ರೈಲಿನಲ್ಲಿ ತತ್ಕಾಲ್‌ನ ಒಂದೇ ಬರ್ತ್ ಉಳಿದಿದೆ. ಕುರ್ಲಾದಿಂದ ಒಬ್ಬರು, ಚೆಂಬೂರಿನಿಂದ ಒಬ್ಬರು ಒಂದೇ ಕ್ಷಣಕ್ಕೆ ಬುಕ್ ಒತ್ತಿದರು. ಪ್ರೋಗ್ರಾಂ ಏನು ಮಾಡಬೇಕು? ದೊಡ್ಡ ಕಾಲೇಜಿನ ಎಷ್ಟೋ ಮಕ್ಕಳು, ಮೊದಲು ಒತ್ತಿದವರಿಗೆ ಕೊಡುವುದು ಅಂತ ಹೇಳಿ ಸುಮ್ಮನಾಗುತ್ತಿದ್ದರು. ಕಲ್ಯಾಣದ ಆಚೆಯ, ಹೆಸರೂ ಕೇಳಿರದ ಕಾಲೇಜಿನ ಒಬ್ಬ ಹುಡುಗ ಪೆನ್ಸಿಲ್ ಕೇಳಿ ತೆಗೆದುಕೊಂಡ. ಇಬ್ಬರಿಗೂ ಒಂದು ಉಳಿದಿದೆ ಅಂತಲೇ ಕಾಣುತ್ತದೆ ಮೇಡಂ, ಇಬ್ಬರೂ ಸೊನ್ನೆ ಅಂತ ಬರೆಯುತ್ತಾರೆ, ಒಂದೇ ಬರ್ತಿಗೆ ಎರಡು ಟಿಕೆಟ್ ಆಗುತ್ತದೆ ಅಂದ. ಅದಕ್ಕೆ ನೋಡುವುದು, ಬರೆಯುವುದು ಎರಡೂ ಬಿಡಿಸಲಾಗದಂತೆ ಒಟ್ಟಿಗೆ ನಡೆಯಬೇಕು, ಅಷ್ಟು ಹೊತ್ತು ಆ ಬರ್ತಿಗೆ ಬೀಗ ಹಾಕಬೇಕು ಅಂದ. ದುಡ್ಡು ಕಟ್ಟುವಾಗ ನೆಟ್ ಹೋದರೆ ಬೀಗ ಹಾಗೇ ಉಳಿಯುತ್ತದಲ್ಲ ಅಂದೆ. ಪೆನ್ಸಿಲ್ ಕೆಳಗಿಟ್ಟು ಒಂದು ನಿಮಿಷ ಕಿಟಕಿ ಕಡೆ ನೋಡಿದ. ಆಮೇಲೆ, ಬೀಗಕ್ಕೂ ಟೈಂ ಇಡಬೇಕು, ಅಷ್ಟರೊಳಗೆ ದುಡ್ಡು ಬರದಿದ್ದರೆ ಬಿಟ್ಟುಬಿಡಬೇಕು ಅಂದ. ಅವನನ್ನು ತೆಗೆದುಕೊಂಡೆವು. ಇದನ್ನೆಲ್ಲ ಯಾರು ಕಲಿಸಿದರು ಅಂತ ಕೇಳಿದ್ದಕ್ಕೆ ಆಪರೇಟಿಂಗ್ ಸಿಸ್ಟಂ ಪಾಠ ಮಾಡಿದ ಮೇಡಂ ಹೆಸರು ಹೇಳಿದ. ಒಂದು ಕಾಲೇಜಿನಲ್ಲಿ ಅಂಥವರು ಇಬ್ಬರಿದ್ದರೆ ಸಾಕು.

ಮುಂದೆ ಎಂಟೆಕ್, ಎಂಎಸ್ ಮಾಡಿಸೋ ಆಸೆ. ಯಾವ ಯೂನಿವರ್ಸಿಟಿ ಡಿಗ್ರಿಗೆ ಬೆಲೆ?

ಐಐಟಿಯ ಎಂಟೆಕ್‌ಗೆ ಗೇಟ್ ಅಂಕವೇ ಬೆಲೆ, ಮೂರನೇ ವರ್ಷದಿಂದಲೇ ಬರೆಯಬಹುದು. ಹೊರದೇಶಕ್ಕೆ ಅಂದರೆ ಪಾಯಿಂಟರ್, ಪ್ರಾಜೆಕ್ಟು, ಮೇಷ್ಟ್ರು ಕೊಡುವ ಪತ್ರ. ಮೇಷ್ಟ್ರಿಗೆ ನಿಮ್ಮ ಮಗುವಿನ ಹೆಸರು ಗೊತ್ತಿದ್ದರಷ್ಟೇ ಆ ಪತ್ರಕ್ಕೆ ತೂಕ. ಎಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್ ಅನ್ನುವ ಒಪ್ಪಂದಕ್ಕೆ ಭಾರತ 2014ರಲ್ಲಿ ಸೇರಿದೆ. ಎನ್‌ಬಿಎಯ ಟಯರ್-1 ಮಾನ್ಯತೆ ಇರುವ ಬ್ರಾಂಚಿನ ಡಿಗ್ರಿಗೆ ಆ ದೇಶಗಳಲ್ಲಿ ಸಮಾನ ಸ್ಥಾನ ಸಿಗುತ್ತದೆ. ಇನ್ನೊಂದು ಸಣ್ಣ ವಿಷಯ: ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪತ್ರ) ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಅಂತ ಹಳೆ ವಿದ್ಯಾರ್ಥಿಗಳನ್ನು ಕೇಳಿ. ಅದಕ್ಕಾಗಿ ಕಿಟಕಿ ಕಿಟಕಿ ಅಲೆದವರ ಕತೆ ಬಹಳ ಇದೆ.

ಗೋವಾದ ಬಿಟ್ಸ್ ಸಿಕ್ಕರೆ ಇದೆಲ್ಲ ಬಿಟ್ಟು ಹೋಗಬಹುದಾ?

ಫೀಸು ಕಟ್ಟುವ ಶಕ್ತಿ ಇದ್ದರೆ ಹೋಗಬಹುದು. 2004ರಲ್ಲಿ ಝುವಾರಿನಗರದಲ್ಲಿ ಶುರುವಾದ ಕ್ಯಾಂಪಸ್ಸು, ಪ್ರವೇಶ ಬಿಟ್‌ಸ್ಯಾಟ್ ಪರೀಕ್ಷೆಯಿಂದ, ಡೊಮಿಸೈಲ್ ಜಾತಿ ಯಾವ ಕಾಗದದ ಗೊಡವೆಯೂ ಇಲ್ಲ. ಓದಿನ ಭಾಗವಾಗಿಯೇ ಕಂಪನಿಗಳಲ್ಲಿ ಕೆಲಸ ಮಾಡುವ ಪ್ರಾಕ್ಟೀಸ್ ಸ್ಕೂಲ್ ಇದೆ, ಅದು ನನಗೆ ಬಹಳ ಹಿಡಿಸಿದ ವಿಷಯ. ಆದರೆ ಫೀಸು ಮತ್ತು ಹಾಸ್ಟೆಲ್ ಸೇರಿ ಸರ್ಕಾರಿ ಕಾಲೇಜಿನ ಎಷ್ಟೋ ಪಟ್ಟು. ಊರಿನ ತೋಟ ಅಡ ಇಟ್ಟು ಕಟ್ಟುವುದಾದರೆ, ವಿಜೆಟಿಐ ಅಥವಾ ಸಿಒಇಪಿ ಕೈಯಲ್ಲಿದ್ದಾಗ, ಬೇಡ ಅಂತಲೇ ನನ್ನ ಮಾತು.

ಮಗಳು ಪುಣೆ ಅಂತಾಳೆ, ಇವರು ಮುಂಬೈ ಅಂತಾರೆ. ಮನೆಯಲ್ಲಿ ಮಾತೇ ನಿಂತಿದೆ. ಏನು ಮಾಡಲಿ ಅಕ್ಕಾ?

ಇಬ್ಬರನ್ನೂ ಕರೆದುಕೊಂಡು ಎರಡೂ ಕಾಲೇಜಿಗೆ ಹೋಗಿ ಬನ್ನಿ. ಪುಣೆಗೆ ಬೆಳಗಿನ ಇಂಟರ್‌ಸಿಟಿ ರೈಲಿನಲ್ಲಿ ಹೋಗಿ, ಸಂಜೆ ವಾಪಸ್ ಬರಬಹುದು. ಲ್ಯಾಬು ನೋಡಿ, ಹಾಸ್ಟೆಲಿನ ಊಟದ ಹಾಲ್ ನೋಡಿ, ಹುಡುಗಿಯರು ರಾತ್ರಿ ಎಷ್ಟು ಗಂಟೆಯ ತನಕ ಲೈಬ್ರರಿಯಲ್ಲಿ ಇರಬಹುದು ಅಂತ ವಾರ್ಡನ್ನರನ್ನು ಕೇಳಿ. ಬರುವಾಗ ರೈಲಿನಲ್ಲಿ ಮಗಳು ಮೊದಲು ಮಾತಾಡಲಿ, ಅಪ್ಪ ಕೇಳಲಿ. ಯಾಕೆ ಪುಣೆ ಅನ್ನುವುದಕ್ಕೆ ಅವಳ ಹತ್ತಿರ ಕಾರಣ ಇದ್ದರೆ ಒಪ್ಪಿಕೊಳ್ಳಿ. ಗೆಳತಿ ಹೋಗುತ್ತಿದ್ದಾಳೆ ಅನ್ನುವುದು ಒಂದೇ ಕಾರಣವಾದರೆ ಇನ್ನೆರಡು ದಿನ ಕಾಯಿರಿ. ಸೀಟು ಒಪ್ಪಿಕೊಳ್ಳುವ ಕೊನೆಯ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಡಿ, ಅದಕ್ಕೆ ಒಂದು ದಿನ ಮೊದಲು ಮತ್ತೆ ಮೂವರೂ ಕೂತು ಮಾತಾಡಿ. ಆಗಲೂ ಬಗೆಹರಿಯದಿದ್ದರೆ ನನಗೆ ಫೋನ್ ಮಾಡಿ, ರಾತ್ರಿ ಒಂಬತ್ತರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.